ಬಿಷಪ್ಪರ ಸೀಮೆಯ ಕೋಳಿ

ನಾನು ಪರದೇಶದಲ್ಲಿ ಬಾಣಂತಿಯಾಗಿದ್ದಾಗ ಈಸ್ಟ್‌ಗೇಟ್‌ ಬಡಾವಣೆಯ ನಮ್ಮ ಮನೆಯ ಬಾಗಿಲು ತಟ್ಟುತ್ತಿದ್ದವರು ಒಬ್ಬರೇ, ಪಕ್ಕದ ಮನೆಯ ಜರ್ಮನ್ ಅಜ್ಜಿ. ಅಮ್ಮನಿಗೆ ವೀಸಾ ಸಿಗಲಿಲ್ಲ. ಗಂಡ ಬೆಳಿಗ್ಗೆ ನಗರದ ನಡುವಿನ ಡೆನ್ನಿ ಟ್ರಯಾಂಗಲ್‌ನ ಆಫೀಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ, ಶನಿವಾರವೂ ಬಿಡುವಿಲ್ಲ. ಮಗು ಅತ್ತರೆ ನನಗೆ ಸಮಾಧಾನ, ಮನೆಯಲ್ಲಿ ಒಂದು ದನಿಯಾದರೂ ಇದೆಯಲ್ಲ ಎಂದು.

ಅಜ್ಜಿ ಪ್ರತಿ ಶನಿವಾರ ಒಂದು ಪಾತ್ರೆ ಕೋಳಿ ಸೂಪ್ ತರುತ್ತಿದ್ದರು. ನಾವೋ ಮೊಟ್ಟೆಯನ್ನೂ ಮುಟ್ಟದವರು! ಮೊದಲ ದಿನವೇ ಹೇಳಿಬಿಡಬೇಕಿತ್ತು, ಬಾಯಿ ಬರಲಿಲ್ಲ. ಅವರು ಹೋದ ಮೇಲೆ ಸಿಂಕಿಗೆ ಸುರಿದೆ. ಖಾಲಿ ಪಾತ್ರೆ ವಾಪಸ್ ಕೊಡುವುದುಂಟೇ? ಕೇಸರಿಬಾತ್ ತುಂಬಿ ಕೊಟ್ಟೆ. ಸೂಪ್ ಅಷ್ಟು ಹಿಡಿಸಿತೆಂದುಕೊಂಡು ಅಜ್ಜಿ ಮುಂದಿನ ವಾರ ಇನ್ನೂ ದೊಡ್ಡ ಪಾತ್ರೆ ತಂದರು. ನನ್ನ ಕರ್ಮ.

ಸೂಪಿನ ಜೊತೆ ಒಂದು ಕಾಗದದ ಕಟ್ಟೂ ಬರುತ್ತಿತ್ತು. ಅಜ್ಜಿ ತಮ್ಮ ಹುಟ್ಟೂರಿನ ಸೀಮೆಯ ಚರಿತ್ರೆ ಬರೆಯುತ್ತಿದ್ದರು. ಒಂದು ಕಾಲಕ್ಕೆ ಅಲ್ಲಿ ಬಿಷಪ್ಪರೇ ದೊರೆಯಂತೆ. ನಮ್ಮಲ್ಲಿ ಮಠದ ಸ್ವಾಮಿಗಳೇ ಸರ್ಕಾರ ನಡೆಸಿದರೆ ಹೇಗೋ ಹಾಗೆ. ಬಿಷಪ್ಪರು ನೇಮಿಸಿದ ಅಮಲ್ದಾರ ಗುಡ್ಡದ ಮೇಲಿನ ಕೋಟೆಯಲ್ಲಿ ಕೂತು ಧಾನ್ಯ, ದ್ರಾಕ್ಷಾರಸ, ಮನೆಗೊಂದು ಕೋಳಿ ವಸೂಲಿ ಮಾಡುತ್ತಿದ್ದ. ಅಜ್ಜಿ ಅದನ್ನು ಇಂಗ್ಲಿಷಿನಲ್ಲಿ ಓದಿ ಹೇಳುತ್ತಿದ್ದರು, ನಾನು ಮಗುವನ್ನು ತಟ್ಟುತ್ತ ಕೂತಿರುತ್ತಿದ್ದೆ.

ಐದನೆಯ ಶನಿವಾರ ಓದಿದ್ದು ಇದು: ಬಾಣಂತಿ ಇರುವ ಮನೆಯಿಂದ ಅಮಲ್ದಾರನ ಆಳು ಕೋಳಿಯ ತಲೆಯನ್ನಷ್ಟೇ ಸಾಕ್ಷಿಗೆ ಒಯ್ಯಬೇಕು, ಕೋಳಿ ಬಾಣಂತಿಗೇ.

“ಅದಕ್ಕೇ ನಿಂಗೆ ಕೋಳಿ ತರ್ತೀನಿ,” ಎಂದರು.

ನಿಜ ಹೇಳಿದರೆ ಇವರೊಬ್ಬರೂ ಬರುವುದನ್ನು ನಿಲ್ಲಿಸುತ್ತಾರೆಂಬ ಭಯ, ಆದರೂ ತಡೆಯಲಾಗಲಿಲ್ಲ. “ನಾವು ಮಾಂಸ ತಿನ್ನಲ್ಲ. ಎಲ್ಲಾ ಸಿಂಕಿಗೆ ಸುರಿದೆ,” ಎಂದುಬಿಟ್ಟೆ. ಅಜ್ಜಿ ಪಾತ್ರೆಯನ್ನೂ ಕಾಗದಗಳನ್ನೂ ಎತ್ತಿಕೊಂಡು ಹೊರಟುಹೋದರು.

ಎರಡು ಶನಿವಾರ ಯಾರೂ ಬಾಗಿಲು ತಟ್ಟಲಿಲ್ಲ. ಕಿಟಕಿಯ ಬಳಿ ನಿಂತು ಅತ್ತೆ. ಮೂರನೆಯ ಶನಿವಾರ ಮೆಣಸಿನ ಸಾರು ಮಾಡಿ, ಮಗುವನ್ನು ಎದೆಗೆ ಕಟ್ಟಿಕೊಂಡು ನಾನೇ ಹೋಗಿ ತಟ್ಟಿದೆ.

ಬಾಗಿಲು ಅರ್ಧ ತೆರೆಯಿತು. ಅಜ್ಜಿ ಸಾರಿನ ಕಡೆ ನೋಡಲೇ ಇಲ್ಲ.

“ಸೂಪ್ ನೀನು ಸುರಿದೆ, ಹೋಗ್ಲಿ. ನಾನು ಓದಿದ್ದು? ಅದನ್ನಾದ್ರೂ ಕೇಳಿಸ್ಕೊಂಡ್ಯಾ?”

ಅಯ್ಯೋ, ಓದಿದ್ದನ್ನು ಕೇಳಲು ಅವರಿಗೂ ನಾನೊಬ್ಬಳೇ ಇದ್ದದ್ದು.

“ಧಾನ್ಯ, ದ್ರಾಕ್ಷಾರಸ, ಮನೆಗೊಂದು ಕೋಳಿ,” ಎಂದೆ. “ಬಾಣಂತಿ ಇದ್ರೆ ತಲೆ ಮಾತ್ರ.”

ಅಜ್ಜಿ ಸಾರಿನ ಪಾತ್ರೆ ತೆಗೆದುಕೊಂಡು, ಬಾಗಿಲು ಪೂರ್ತಿ ತೆರೆದಿಟ್ಟು, ಕಾಗದದ ಕಟ್ಟು ಹುಡುಕಲು ಒಳಗೆ ನಡೆದರು.