ಕುರ್ಲಾದಲ್ಲಿ ತೆಗೆದ ಮುಚ್ಚಳ

ಬೆಳಿಗ್ಗೆ ಏಳೂವರೆಗೆ ಭಾಂಡುಪ್ ಬಿಟ್ಟಾಗ ಕಾರಿನಲ್ಲಿ ನಾವು ಮೂವರು. ಸ್ಟಿಯರಿಂಗ್ ಹಿಡಿದವನು ನಾನು, ಪಕ್ಕದಲ್ಲಿ ಶರ್ಮಿಳಾ, ಹಿಂದೆ ಅವಳ ತಾಯಿ ಗಿರಿಜಕ್ಕ, ಅವರ ಮಡಿಲಲ್ಲಿ ಅಸ್ಥಿಯ ಕುಡಿಕೆ. ಹಳೆಯ ಬಿಳಿ ಕಾರು ಗಿರಿಜಕ್ಕನ ಗಂಡ ವಾಸಣ್ಣನದು. ಮೂವತ್ತು ವರ್ಷ ನನ್ನ ಪಕ್ಕದ ಮನೆಯಲ್ಲಿದ್ದ ವಾಸಣ್ಣ ತೀರಿಕೊಂಡು ಅಂದಿಗೆ ಹತ್ತನೆಯ ದಿನ. ಕ್ರಿಯೆ ವಾಲ್ಕೇಶ್ವರದ ಬಾಣಗಂಗೆ ಕೊಳದ ಬಳಿ, ಹನ್ನೊಂದಕ್ಕೆ. ಮೂವತ್ತು ಕಿಲೋಮೀಟರಿನಷ್ಟು ದಾರಿ, ಮೋಡ ಕವಿದ ಸೆಕೆ.

ಗಂಡುಮಕ್ಕಳಿಲ್ಲದ ಮನೆ. ಪಿಂಡ ಇಡಲು ವಾಸಣ್ಣನ ತಮ್ಮನ ಮಗ ಪ್ರಸಾದ ಗೋರೆಗಾಂವ್‌ನಿಂದ ಲೋಕಲ್ ರೈಲು ಹಿಡಿದು ಬರುವುದೆಂದು ನಿಶ್ಚಯವಾಗಿತ್ತು. ತಾನೇ ಮಾಡುತ್ತೇನೆಂದು ಶರ್ಮಿಳಾ ಎರಡು ಸಲ ಕೇಳಿದ್ದಳು. ಕನ್ನಡವೇ ನೆಟ್ಟಗೆ ಬಾರದವಳಿಗೆ ಮಂತ್ರ ಎಲ್ಲಿಂದ ಬಂದೀತು, ಅಪ್ಪನ ಯಾವ ಕೆಲಸ ಇವಳಿಗೆ ಗೊತ್ತು ಎಂದು ಗಿರಿಜಕ್ಕ ಮಾತು ಮುಗಿಸಿದ್ದರು.

ಘಾಟ್ಕೋಪರ್ ದಾಟುವಾಗ ಮುಂದಿನ ಎಡಚಕ್ರ ಗುಂಯ್‌ಗುಡತೊಡಗಿತು. ಕುರ್ಲಾ ಮುಟ್ಟುವಷ್ಟರಲ್ಲಿ ಕರಕರ ಅರೆಯುವ ಸದ್ದು. ಗ್ಯಾರೇಜುಗಳ ಸಾಲಿನಲ್ಲಿ ನಿಲ್ಲಿಸಿ, ಟ್ಯಾಕ್ಸಿ ಮಾಡೋಣವೆಂದೆ.

"ಬೇಡ ಶೇಖರಣ್ಣ. ಇವರು ಇವರ ಗಾಡಿಯಲ್ಲೇ ಹೋಗ್ಲಿ," ಅಂದರು ಗಿರಿಜಕ್ಕ, ಕುಡಿಕೆಯ ಮೇಲೆ ಕೈಯಿಟ್ಟು.

ಬಿಳಿ ಗಡ್ಡದ ಮಿಸ್ತ್ರಿ ಚಕ್ರ ಬಿಚ್ಚಿ, ಬೇರಿಂಗಿನ ಗ್ರೀಸ್ ಒಣಗಿದೆ ಅಂದ. ಬೇರಿಂಗಿಗೆ ಧೂಳು ಹೋಗದಂತೆ ಚಕ್ರ ಕೂರುವ ಹಬ್‌ನ ನಡುವೆ ಸಣ್ಣ ಬಟ್ಟಲಿನಂಥ ತಗಡಿನ ಮುಚ್ಚಳ ಬಿಗಿದಿರುತ್ತದೆ. ಮೊದಲು ಅದು ಬರಬೇಕು. ಈ ಕಾರಿನದು ಈಗೆಲ್ಲೂ ಸಿಗುವುದಿಲ್ಲ. ಸೊಟ್ಟಗಾದರೆ ಮತ್ತೆ ಕೂರುವುದೂ ಇಲ್ಲ. ಮಿಸ್ತ್ರಿ ಉಳಿ ಇಟ್ಟು ಸುತ್ತಿಗೆ ಎತ್ತಿದ.

"ಚಾಚಾ, ರುಕಿಯೇ," ಎಂದು ಅವನನ್ನು ತಡೆದು ಶರ್ಮಿಳಾ ಇಳಿದಳು. ನನ್ನ ಕಡೆ ತಿರುಗಿ, "ಅಪ್ಪ ಹೀಗೆ ಹೊಡಿತಿರ್ಲಿಲ್ಲ ಅಂಕಲ್. ಹರ್ ಸಾಲ್, ಪ್ರತಿ ವರ್ಷ, ಅವರು ಇದನ್ನ ತೆಗೆಯೋವಾಗ ನಾನೇ ಹಬ್ ತಿರುಗಿಸ್ತಿದ್ದೆ," ಅಂದಳು.

ನಲವತ್ತು ವರ್ಷದ ಕೆಲಸದಲ್ಲಿ ಇವತ್ತು ತನಗೊಬ್ಬಳು ಗುರು ಸಿಕ್ಕಳೆಂದು ಮಿಸ್ತ್ರಿ ನಕ್ಕ. ಆದರೂ ಸುತ್ತಿಗೆ ಕೊಟ್ಟ.

ಅವಳು ಮುಚ್ಚಳದ ಬದಿಗೆ ಮರದ ತುಂಡಿಟ್ಟು ಮೆಲ್ಲಗೆ ತಟ್ಟಿದಳು. ಹಬ್ ತುಸು ತಿರುಗಿಸಿ ಎದುರು ಬದಿಗೆ ಮತ್ತೆ ತಟ್ಟಿದಳು. ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಕಂಡಿತು. ಅಲ್ಲಿ ಸ್ಕ್ರೂಡ್ರೈವರಿನ ತುದಿ ಇಟ್ಟು ಒಂಚೂರು ತಿರುವಿ, ಅಲ್ಲಿಗೇ ಬಿಟ್ಟು ಮುಂದಿನ ಜಾಗಕ್ಕೆ ಹೋದಳು. "ಒಂದೇ ಕಡೆ ಜೋರ್ ಮಾಡ್ಬಾರ್ದು, ಸುತ್ತ ಬರ್ಬೇಕು," ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ವಾಸಣ್ಣನದೇ ರಾಗ. ಮೂರನೆಯ ಸುತ್ತಿನಲ್ಲಿ ಮುಚ್ಚಳ ಅವಳ ಅಂಗೈಗೆ ಬಂತು. ಒಂದು ತಗ್ಗೂ ಇಲ್ಲ.

ಗಿರಿಜಕ್ಕ ಕಾರಿನ ಕಿಟಕಿಯಿಂದ ಮಗಳ ಕೈಯನ್ನೇ ನೋಡುತ್ತಿದ್ದರು.

ಮಿಸ್ತ್ರಿ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸ್ ತುಂಬಿದ. ಮುಚ್ಚಳವನ್ನು ಸುತ್ತಲೂ ತಟ್ಟಿ ಕೂರಿಸಿದವಳೂ ಶರ್ಮಿಳಾಳೇ. ಮುಕ್ಕಾಲು ಗಂಟೆ ಹಿಡಿಯಿತು. ಮಾಟುಂಗದಲ್ಲಿ ಹೂವು, ಎಳ್ಳು, ದರ್ಭೆ ಕೊಂಡೆವು. ಗಿರಿಜಕ್ಕ ಮಗಳ ಕೈ ಹಿಡಿದು ಸೆರಗಿನಿಂದ ಒರೆಸಿದರು. ಉಗುರಿನ ಸಂದಿಯ ಗ್ರೀಸ್ ಹೋಗಲಿಲ್ಲ.

ಹತ್ತೂಮುಕ್ಕಾಲಿಗೆ ಬಾಣಗಂಗೆ ತಲುಪಿದಾಗ ಪ್ರಸಾದ ಮಿಂದು ಮಣೆಯ ಮೇಲೆ ಕೂತಿದ್ದ.

"ನೀನು ಬದಿಯಲ್ಲಿ ಕೂತ್ಕೋ ಮಗಾ. ಶರ್ಮಿ ಮಾಡ್ಲಿ," ಅಂದರು ಗಿರಿಜಕ್ಕ.

ಭಟ್ಟರು ಒಮ್ಮೆ ತಾಯಿಯನ್ನೂ ಒಮ್ಮೆ ಮಗಳನ್ನೂ ನೋಡಿ, ಮಂತ್ರ ಬಿಡಿಸಿ ಬಿಡಿಸಿ ಹೇಳುತ್ತೇನೆ ಅಂದರು. ಶರ್ಮಿಳಾ ಕೊಳದಲ್ಲಿ ಮುಳುಗಿ ಬಂದು, ಅಸ್ಥಿಯ ಕುಡಿಕೆ ಎದುರಿಗಿಟ್ಟುಕೊಂಡು ಕೂತಳು. ಹನ್ನೆರಡರ ಒಳಗೆ ಅವಳು ಪಿಂಡ ಇಟ್ಟ ಮೇಲೆ ನಾವೆಲ್ಲ ಹಿಂದೆ ಸರಿದೆವು. ಸ್ವಲ್ಪ ಹೊತ್ತಿಗೆ ಕಾಗೆ ಬಂದು ಮುಟ್ಟಿತು.