ಇನ್ನೊಂದೇ ಒಂದು ತುತ್ತು

ನನ್ನ ಮಗ ಕಪ್ ಗೆದ್ದ. ವಯಸ್ಸು ಒಂಬತ್ತು ತಿಂಗಳು. ಸಾಧನೆ? ತೂಗಿದ್ದು, ಅಷ್ಟೇ.

ಭದ್ರಾವತಿಯ ನಮ್ಮ ಫ್ಯಾಕ್ಟರಿ ಕ್ವಾರ್ಟರ್ಸಿನ ಲೇಡೀಸ್ ಕ್ಲಬ್ಬಿನವರು ಎರಡು ತಿಂಗಳ ಹಿಂದೆ ಬೇಬಿ ಶೋ ಇಟ್ಟಿದ್ದರು. ಹೆಸರಿಗೆ ಆರೋಗ್ಯವಂತ ಶಿಶು ಸ್ಪರ್ಧೆ. ಜಡ್ಜುಗಳು ನೋಡಿದ್ದು ಮಾತ್ರ ತಕ್ಕಡಿಯ ಮುಳ್ಳನ್ನು. (ಮುಳ್ಳು ಎಷ್ಟು ಮುಂದೆ ಹೋದರೆ ಅಷ್ಟು ಆರೋಗ್ಯ!) ಇದನ್ನು ಚೆನ್ನಾಗಿ ಬಲ್ಲ ನಮ್ಮತ್ತೆ ಬೆಳಗ್ಗೆಯೇ ಮೊಮ್ಮಗನಿಗೆ ತುಪ್ಪ ಸುರಿದ ರಾಗಿ ಸರಿ ತಿನ್ನಿಸಿ, ಮೇಲೆ ಬಾಳೆಹಣ್ಣು ಕಿವುಚಿ ಕೊಟ್ಟು, ತಕ್ಕಡಿಯ ಪಕ್ಕದಲ್ಲೇ ನಿಂತು ಒಂದು ಬಾಟಲಿ ಹಾಲನ್ನೂ ಇಳಿಸಿದ್ದರು. ಕಪ್ ಬರದೆ ಎಲ್ಲಿಗೆ ಹೋದೀತು?

ಅತ್ತೆ ಕಪ್ ಹಿಡಿದು ಇಡೀ ಲೈನಿನ ಮನೆಮನೆಗೂ ತೋರಿಸಿಕೊಂಡು ಬಂದರು. ಸಂಜೆ ದೃಷ್ಟಿ ತೆಗೆದದ್ದೇ ತೆಗೆದದ್ದು.

ನಾನು ಮಾತ್ರ ಕ್ಲಬ್ಬಿನಲ್ಲಿ ಕಂಡದ್ದನ್ನೇ ನೆನೆಯುತ್ತಿದ್ದೆ. ಸೋತ ಸಣಕಲು ಮಕ್ಕಳೆಲ್ಲ ಜಮಖಾನೆಯ ತುಂಬ ಅಂಬೆಗಾಲಿಟ್ಟು ಓಡಾಡುತ್ತಿದ್ದವು. ನಮ್ಮ ಚಾಂಪಿಯನ್ ಕೂರಿಸಿದಲ್ಲೇ ಕೂತಿದ್ದ. ಅವನ ಗಿಲಕಿ ಉರುಳಿ ಆಚೆ ಹೋಯಿತು. ಬಾಗಿದ, ಏದುಸಿರು ಬಿಟ್ಟ, ಆಗದೆ ಅತ್ತ. ಅಳು ಕೇಳಿ ಅತ್ತೆ ಓಡಿಬಂದು ಬಾಯಿಗೆ ಬಿಸ್ಕತ್ತಿಟ್ಟರು.

ನಾನು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಕೆಲಸಕ್ಕೆ ಹೋದರೆ ಸಂಜೆಯವರೆಗೂ ಮಗುವಿನ ಊಟ ಅತ್ತೆಯ ಉಸ್ತುವಾರಿ. ಕಾಗೆಗೊಂದು ತುತ್ತು, ಗುಬ್ಬಿಗೊಂದು ತುತ್ತು, ತಾತನಿಗೊಂದು ತುತ್ತು. ಎಲ್ಲರ ಹೆಸರಲ್ಲೂ ಉಣ್ಣುವವನು ಮಾತ್ರ ನನ್ನ ಮಗ. ಅವನು ಮುಖ ತಿರುಗಿಸ್ತಾನಲ್ಲ ಅಂತ ನಾನಂದರೆ ಅತ್ತೆಯ ಉತ್ತರ ರೆಡಿ.

"ಮಕ್ಕಳು ಬೇಡ ಅಂತಾನೇ ಅನ್ನೋದು ಮಾರಾಯ್ತಿ. ಅವನ್ನ ಕೇಳ್ಕೊಂಡು ತಿನ್ನಿಸ್ತಾರಾ?"

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮಕ್ಕಳ ಡಾಕ್ಟರಮ್ಮ ಒಬ್ಬರಿದ್ದಾರೆ. ಶನಿವಾರ ಮಧ್ಯಾಹ್ನ ಎಳೆಮಕ್ಕಳ ಮನೆಯವರಿಗೆ ಒಂದು ಕ್ಲಾಸ್ ಮಾಡುತ್ತಾರೆ. ಷರತ್ತು ಒಂದೇ: ಅಮ್ಮ ಬಂದರೆ ಸಾಲದು, ತಿನ್ನಿಸುವವರೂ ಬರಬೇಕು. ಕಪ್ ಗೆದ್ದ ಮಗುವನ್ನು ಡಾಕ್ಟರಿಗೂ ತೋರಿಸಿದ ಹಾಗಾಯಿತು ಎಂದು ಅತ್ತೆ ಜರಿಯಂಚಿನ ಸೀರೆಯುಟ್ಟು ಹೊರಟರು.

ಡಾಕ್ಟರಮ್ಮ ಭಾಷಣ ಮಾಡಲಿಲ್ಲ. ಉಪ್ಪಿಟ್ಟು ತರಿಸಿದರು. ಸೊಸೆಯಂದಿರು ಅತ್ತೆಯಂದಿರಿಗೆ ತಿನ್ನಿಸಬೇಕಂತೆ, ತಟ್ಟೆ ಖಾಲಿಯಾಗುವವರೆಗೂ. ಅತ್ತೆಯಂದಿರು ಮಾತಾಡುವ ಹಾಗಿಲ್ಲ. ಬೇಡವೆನಿಸಿದರೆ ಮಗುವಿನ ಹಾಗೆ ಮುಖ ತಿರುಗಿಸಬಹುದು. (ಇಂಥ ಅವಕಾಶ ಯಾವ ಸೊಸೆಗೆ ಸಿಗುತ್ತದೆ, ನೀವೇ ಹೇಳಿ!)

ಮೊದಮೊದಲು ಎಲ್ಲರಿಗೂ ನಗು. ಅರ್ಧ ತಟ್ಟೆಗೆ ಅತ್ತೆ ತುಟಿ ಬಿಗಿದರು. ನಾನು ಬಿಡುತ್ತೇನೆಯೇ? ಕಾಗೆಗೊಂದು ಅಂದೆ. ಅವರು ಎಡಕ್ಕೆ ತಿರುಗಿದರು, ಚಮಚವೂ ಎಡಕ್ಕೆ ಹೋಯಿತು. ಬಲಕ್ಕೆ ತಿರುಗಿದರು, ಗುಬ್ಬಿಗೊಂದು ಅಂದೆ. ತಾತನಿಗೊಂದು ಅನ್ನುವಷ್ಟರಲ್ಲಿ ನನ್ನ ಕೈ ತಳ್ಳಿಬಿಟ್ಟರು.

"ಸಾಕು ಅಂದ್ರೆ ಸಾಕು. ಹೊಟ್ಟೆ ನಂದಾ, ನಿಂದಾ?"

ಡಾಕ್ಟರಮ್ಮ ಅತ್ತೆಯ ಮಡಿಲಲ್ಲಿದ್ದ ಮಗುವನ್ನು ನೋಡಿದರು. ಅತ್ತೆಯೂ ನೋಡಿದರು. ಕೋಪವೆಲ್ಲ ಇಳಿದು ಮುಖ ಸಣ್ಣದಾಯಿತು. ನನಗೆ ಪಾಪ ಅನ್ನಿಸಿಬಿಟ್ಟಿತು.

"ತಪ್ಪು ನಿಮ್ದಲ್ಲ ಅಮ್ಮ," ಎಂದರು ಡಾಕ್ಟರಮ್ಮ. "ನಿಮ್ಮ ಕಾಲದಲ್ಲಿ ಮಕ್ಕಳು ಸೊರಗೋದೇ ಭಯ. ಇವನ ವಿಷಯದಲ್ಲಿ ಆ ಭಯ ಇಲ್ಲ. ಮುಖ ತಿರುಗಿಸಿದ್ರೆ ಬಟ್ಲು ಕೆಳಗಿಡಿ. ಅತ್ತಿದ್ದಕ್ಕೆಲ್ಲ ಹಸಿವು ಅನ್ಕೋಬೇಡಿ. ನೆಲದ ಮೇಲೆ ಬಿಡಿ, ಆಡ್ಲಿ."

ಮರುದಿನ ಮಗ ಮುಖ ತಿರುಗಿಸಿದ. ಅತ್ತೆಯ ಕೈ ಗಾಳಿಯಲ್ಲೇ ನಿಂತಿತು. ಇನ್ನೊಂದೇ ಒಂದು ಎಂದು ಬಾಯಿತನಕ ಬಂದದ್ದನ್ನು ನುಂಗಿಕೊಂಡು ಬಟ್ಟಲು ಕೆಳಗಿಟ್ಟರು. ಅಷ್ಟು ವರ್ಷಗಳ ಅಭ್ಯಾಸ, ಸುಲಭವೇ?

ಈಗ ಅವನು ಅಂಬೆಗಾಲಿಟ್ಟು ಮನೆಯೆಲ್ಲ ಸುತ್ತುತ್ತಾನೆ. ಹಿಂದೆ ಓಡಿ ಓಡಿ ಅತ್ತೆಯೇ ಇಳಿದುಹೋಗಿದ್ದಾರೆ. ನಾನು ಮಾತ್ರ ಬಸ್ಸಿನಲ್ಲಿ ಕೂತು ಯೋಚಿಸುತ್ತಿರುತ್ತೇನೆ.

ಮಾತು ಬಾರದ ಮಗುವಿನ 'ಬೇಡ' ಇವತ್ತು ನಮಗೆ ಕೇಳಿಸದಿದ್ದರೆ, ನಾಳೆ ನಮ್ಮ 'ಬೇಡ' ಅವನಿಗೆ ಯಾಕಾದರೂ ಕೇಳಿಸಬೇಕು?