ನಂಜುಂಡಾಚಾರ್ರು ಕೂರಿಸಿಕೊಟ್ಟ ಡಿಸ್ಕ್ ಬ್ರೇಕ್

ಯಾರು ಸೈಕಲ್ ತಂದರೂ ನಂಜುಂಡಾಚಾರ್ರು ಮೊದಲು ಚಕ್ರ ಎತ್ತಿ ತಿರುಗಿಸಿ, ಅದು ನಿಲ್ಲುವವರೆಗೂ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾವು ತೊಂದರೆ ಹೇಳಹೊರಟರೆ ಕೈ ಅಡ್ಡ ಹಿಡಿಯುತ್ತಿದ್ದರು. "ತಡೀರಿ ಮೇಡಂ, ಅದೇ ಹೇಳ್ತಾ ಇದೆ." ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ ನನ್ನ ಬಾಯಿ ಮುಚ್ಚಿಸಿದವರು ಅವರೊಬ್ಬರೇ.

ಕಾಮಾಕ್ಷಿಪಾಳ್ಯದಲ್ಲಿ ಅವರದು ಲೋಹ ಕಡೆಯುವ ಒಂದೇ ಒಂದು ಲೇತ್ ಇದ್ದ ಪುಟ್ಟ ಅಂಗಡಿ. ಬಸವೇಶ್ವರನಗರದಿಂದ ಶಾಲೆಗೆ ನಾನು ಸೈಕಲ್ಲಿನಲ್ಲೇ ಹೋಗುತ್ತಿದ್ದೆ. ಮಳೆ ಬಂದರೆ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುತ್ತಿರಲಿಲ್ಲ. ಇದೇ ಹಳೆ ಸೈಕಲ್ಲಿಗೆ ಡಿಸ್ಕ್ ಬ್ರೇಕ್ ಹಾಕಿಕೊಡಿ ಎಂದು ಹಟ ಹಿಡಿದೆ.

"ಈ ಹಬ್‌ನಲ್ಲಿ ಡಿಸ್ಕ್ ಕೂರೋಕೆ ಜಾಗಾನೇ ಇಲ್ಲ. ಹೊಸಾದ್ ತಗೊಳ್ಳಿ ಮೇಡಂ."

ನಾನು ಜಗ್ಗಲಿಲ್ಲ. ಕೊನೆಗೆ ಅವರೇ ಸೋತು, ಮುಂದಿನ ಚಕ್ರದ ಕಡ್ಡಿಗಳನ್ನೆಲ್ಲ ಬಿಚ್ಚಿ, ನಡುವಿನ ಹಬ್ ತೆಗೆದು ಲೇತಿಗೆ ಹಾಕಿದರು. ಅದರ ಪಕ್ಕಕ್ಕೆ ಬಿಗಿದು ಡಿಸ್ಕ್ ಕೂರಿಸಲು ಒಂದು ಅಲ್ಯೂಮಿನಿಯಂ ಬಿಲ್ಲೆ ಕಡೆದು ಆರು ತೂತು ಕೊರೆದರು. ಆರನೆಯದು ಕೂದಲೆಳೆಯಷ್ಟು ಆಚೆ ಹೋಯಿತೆಂದು ಬಿಲ್ಲೆಯನ್ನೇ ಎಸೆದು ಇನ್ನೊಂದು ಮಾಡಿದರು. ನನಗೇನೂ ಕಾಣಿಸುತ್ತಿಲ್ಲವಲ್ಲ ಅಂದೆ. "ನಿಮಗ್ ಕಾಣ್ಸಲ್ಲ. ಚಕ್ರಕ್ಕೆ ಗೊತ್ತಾಗತ್ತೆ." ಎಲ್ಲ ಮುಗಿದ ಮೇಲೆ, "ಬಿದ್ರೆ ಮೊದ್ಲು ನಾನ್ ಬೀಳ್ಬೇಕು" ಎನ್ನುತ್ತ ಪಂಚೆ ಎತ್ತಿ ಕಟ್ಟಿ, ಇಳಿಜಾರಿನಲ್ಲಿ ನಾಲ್ಕು ಸಲ ಓಡಿಸಿ ನೋಡಿದರು. ಬೀದಿಯವರೆಲ್ಲ ನಿಂತು ನಕ್ಕರು.

ಬ್ರೇಕ್ ಚೆನ್ನಾಗಿಯೇ ಇತ್ತು. ಆಯುಧಪೂಜೆ ಬಂತು. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟೆ, ಬಾಗಿಲಿಗೆ ಬಿಟ್ಟೆ, ಡಿಸ್ಕ್ ಕಿರುಗುಟ್ಟುತ್ತಿತ್ತೆಂದು ಅದಕ್ಕೂ ನಾಲ್ಕು ಹನಿ ಬಿಟ್ಟು ಫಳಫಳ ಉಜ್ಜಿದೆ. ರಜೆ ಮುಗಿಸಿ ಹೊರಟ ದಿನ ಇಳಿಜಾರಿನಲ್ಲಿ ಸೈಕಲ್ ನಿಲ್ಲಲೇ ಇಲ್ಲ. ನಿಂತಿದ್ದ ಆಟೋಗೆ ಗುದ್ದಿ ಬಿದ್ದು ಮೊಣಕೈ ತರಚಿತು. ನೇರ ಅಂಗಡಿಗೆ ಹೋಗಿ ಗಿರಾಕಿಗಳ ಎದುರೇ ಕೂಗಾಡಿದೆ.

"ಬರ್ದೇ ಇರೋ ಕೆಲ್ಸ ಯಾಕ್ರೀ ಒಪ್ಕೊಂಡ್ರಿ?"

ಅವರು ನನ್ನ ಮೊಣಕೈಯನ್ನೇ ನೋಡುತ್ತಿದ್ದರು. "ತಪ್ಪಾಯ್ತು ಮೇಡಂ. ಬಿಟ್ಟು ಹೋಗಿ, ನೋಡ್ತೀನಿ." ಬಿಟ್ಟುಬರಬೇಕಿತ್ತು. ಬೆರಳು ತಾಗಿಸಿದ್ದರೆ ಸಾಕು, ಅವರಿಗೆ ತಿಳಿಯುತ್ತಿತ್ತು. ನಾನು ಸೈಕಲ್ ತಳ್ಳಿಕೊಂಡು ಬಂದುಬಿಟ್ಟೆ.

ಮರುವಾರ ವಿಜಯನಗರದ ಮೆಕ್ಯಾನಿಕ್ ಒಬ್ಬ ಡಿಸ್ಕ್ ಮುಟ್ಟಿ ನೋಡಿ ಕೇಳಿದ: "ಆಂಟಿ, ಡಿಸ್ಕ್‌ಗೆ ಯಾರಾದ್ರೂ ಎಣ್ಣೆ ಹಾಕ್ತಾರಾ? ಕೆಲ್ಸ ಮಾತ್ರ ಸಖತ್ತಾಗಿದೆ, ಯಾರ್ ಮಾಡಿದ್ದು?" ಎಣ್ಣೆಯಿಂದ ಘರ್ಷಣೆ ಕಡಿಮೆಯಾಗುತ್ತದೆ ಎಂದು ಸಾವಿರ ಮಕ್ಕಳಿಗೆ ಬರೆಸಿದವಳು ನಾನು. ನಾಚಿಕೆಯಿಂದ ಕುಗ್ಗಿಹೋದೆ. ಆಚಾರ್ರ ಮುಂದೆ ನಿಲ್ಲಲು ಮುಖವಿಲ್ಲದೆ, ಈ ಭಾನುವಾರ, ಮುಂದಿನ ಭಾನುವಾರ ಅಂತ ವರ್ಷ ಕಳೆದೆ.

ಹೋದಾಗ ಅಂಗಡಿಯ ಶಟರ್ ಎಳೆದಿತ್ತು. ಪಕ್ಕದವರನ್ನು ಕೇಳಿ ಬ್ಯಾಡರಹಳ್ಳಿಯ ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆಗೆದ ಮಗಳು, ಅಪ್ಪ ತೀರಿಕೊಂಡು ಎರಡು ತಿಂಗಳಾಯಿತು ಅಂದಳು. ಹೊಸಿಲ ಹೊರಗೇ ನಿಂತು ಎಲ್ಲ ಹೇಳಿಬಿಟ್ಟೆ. ಅವಳು ಒಳಕ್ಕೆ ತಿರುಗಿದಳು.

"ಅಮ್ಮಾ, ಆ ಬ್ರೇಕ್ ಮೇಡಂ ಬಂದಿದಾರೆ. ಅಪ್ಪನ್ ತಪ್ಪಲ್ವಂತೆ ಕಣಮ್ಮ."

ಅವರ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನನ್ನನ್ನು ನೋಡಿದರು.

"ವಯಸ್ಸಾಯ್ತು, ಕೈ ತಪ್ತಾ ಇದೆ ಅಂತ ನೀವ್ ಬಂದ್ ಹೋದ ತಿಂಗಳೇ ಲೇತ್ ಮಾರ್ಬಿಟ್ರು," ಅಂದರು. "ನಾವೂ ಹಾಗೇ ಅನ್ಕೊಂಡ್ವಿ ಮೇಡಂ."